ಕರಾರು ಸರಿ, ಅಂಕಿ ಯಾರದು?

2023ರ ಫೆಬ್ರವರಿ 1ರಂದು ಪಾಲಿಗಾನ್ ಜಾಲದಲ್ಲಿದ್ದ ಬಾಂಕ್‌ಡಾವೋ ಎಂಬ ಸಾಲ ವ್ಯವಸ್ಥೆಯನ್ನು ಒಬ್ಬ ದಾಳಿಕೋರ ಎರಡೇ ವಹಿವಾಟುಗಳಲ್ಲಿ ಬರಿದು ಮಾಡಿದ. ಅವನು ಯಾರ ಪಾಸ್‌ವರ್ಡ್ ಅನ್ನೂ ಕದ್ದಿರಲಿಲ್ಲ, ಯಾವ ಬೀಗವನ್ನೂ ಮುರಿದಿರಲಿಲ್ಲ. ಆ ವ್ಯವಸ್ಥೆ ಅಡಮಾನದ ಟೋಕನ್‌ಗೆ ಇವತ್ತಿನ ಬೆಲೆ ಎಷ್ಟೆಂದು ಟೆಲ್ಲರ್ ಎಂಬ ಒರಾಕಲ್‌ನಿಂದ ತಿಳಿದುಕೊಳ್ಳುತ್ತಿತ್ತು. ಟೆಲ್ಲರ್‌ನಲ್ಲಿ 10 ಟಿಆರ್‌ಬಿ ಟೋಕನ್ ಠೇವಣಿ ಇಟ್ಟವರು ಯಾರು ಬೇಕಾದರೂ ಬೆಲೆ ವರದಿ ಮಾಡಬಹುದಿತ್ತು. ಆ ಠೇವಣಿಯ ಮೌಲ್ಯ ಅಂದು 200 ಡಾಲರ್‌ಗೂ ಕಡಿಮೆ. ದಾಳಿಕೋರ ಠೇವಣಿ ಕಟ್ಟಿದ, ಟೋಕನ್‌ನ ಬೆಲೆಯನ್ನು ಮನಸ್ಸಿಗೆ ಬಂದಷ್ಟು ಏರಿಸಿ ಬರೆದ, ಒಂದು ಚೂರು ಅಡಮಾನದ ಮೇಲೆ 10 ಕೋಟಿ ಯೂರೊ ಟೋಕನ್ ಸಾಲ ಎತ್ತಿದ. ಮುಂದಿನ ವಹಿವಾಟಿನಲ್ಲಿ ಅದೇ ಬೆಲೆಯನ್ನು ನೆಲಕ್ಕಿಳಿಸಿ ಬರೆದು, ಉಳಿದ ಸಾಲಗಾರರ ಅಡಮಾನವನ್ನೆಲ್ಲ ಜಪ್ತಿ ಮಾಡಿಕೊಂಡ. ಲೆಕ್ಕದಲ್ಲಿ ನಷ್ಟ ಸುಮಾರು 12 ಕೋಟಿ ಡಾಲರ್. ಆ ಟೋಕನ್‌ಗಳನ್ನು ಅಷ್ಟು ಪ್ರಮಾಣದಲ್ಲಿ ಕೊಳ್ಳುವವರು ಇರಲಿಲ್ಲವಾದ್ದರಿಂದ ಅವನ ಕೈಗೆ ದಕ್ಕಿದ್ದು ಅದರಲ್ಲಿ ಸಣ್ಣ ಪಾಲು ಮಾತ್ರ.

ತಪ್ಪು ವರದಿಯನ್ನು ಪ್ರಶ್ನಿಸಿ ತೆಗೆಸಿಹಾಕುವ ವ್ಯವಸ್ಥೆ ಟೆಲ್ಲರ್‌ನಲ್ಲಿ ಇದ್ದೇ ಇತ್ತು. ಹಾಗೆ ಪ್ರಶ್ನಿಸಲು ಸ್ವಲ್ಪ ಹೊತ್ತು ಬೇಕು. ಬಾಂಕ್‌ಡಾವೋ ಆ ಹೊತ್ತು ಕಾಯದೆ, ಆಗಷ್ಟೇ ಬಂದು ಬಿದ್ದ ಅಂಕಿಯನ್ನೇ ನಿಜವೆಂದು ಓದಿಬಿಟ್ಟಿತು. ಸ್ಮಾರ್ಟ್ ಕಾಂಟ್ರಾಕ್ಟ್, ಅಂದರೆ ಬ್ಲಾಕ್‌ಚೈನ್ ಮೇಲೆ ತನ್ನಷ್ಟಕ್ಕೆ ಜಾರಿಯಾಗುವ ಕರಾರಿನ ಕೋಡ್ ಬರೆಯುವವರು, ಅದನ್ನು ಆಡಿಟ್ ಮಾಡುವವರು, ಅದರಲ್ಲಿ ಹಣ ಇಡುವವರು ಎಲ್ಲರೂ ಕೋಡ್‌ನ ಸಾಲುಗಳನ್ನು ಪರೀಕ್ಷಿಸಲು ಎಷ್ಟು ಶ್ರಮ ಪಡುತ್ತಾರೋ ಅಷ್ಟೇ ಶ್ರಮವನ್ನು ಆ ಕೋಡ್‌ಗೆ ಹೊರಗಿನಿಂದ ಬರುವ ಅಂಕಿಯ ಮೇಲೂ ಹಾಕಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ಅದನ್ನು ಹೇಗೆ ಮಾಡಬೇಕು ಎಂಬುದು ಈ ಲೇಖನದ ವಿಷಯ.

ಮೊದಲು ಒಂದು ಮೂಲ ಸಂಗತಿ. ಬ್ಲಾಕ್‌ಚೈನ್‌ನ ಮೇಲಿರುವ ಕಾಂಟ್ರಾಕ್ಟ್ ತಾನಾಗಿ ಯಾವ ವೆಬ್‌ಸೈಟನ್ನೂ ತೆರೆದು ನೋಡಲಾರದು. ಇಥೀರಿಯಂನಂಥ ಜಾಲದಲ್ಲಿ ಸಾವಿರಾರು ಕಂಪ್ಯೂಟರ್‌ಗಳು ಒಂದೇ ಲೆಕ್ಕವನ್ನು ಬೇರೆಬೇರೆಯಾಗಿ ಮಾಡಿ ಒಂದೇ ಉತ್ತರಕ್ಕೆ ಬರಬೇಕು. ಪ್ರತಿಯೊಂದೂ ತನ್ನ ಪಾಡಿಗೆ ಬೆಲೆ ವಿಚಾರಿಸಲು ಹೋದರೆ ಒಂದಕ್ಕೆ 3000 ಎಂಬ ಉತ್ತರ ಬಂದೀತು, ಅರೆಕ್ಷಣ ತಡವಾಗಿ ಕೇಳಿದ ಇನ್ನೊಂದಕ್ಕೆ 3001 ಬಂದೀತು. ಅಲ್ಲಿಗೆ ಒಮ್ಮತ ಮುರಿಯಿತು. ಹಾಗಾಗಿ ಹೊರಜಗತ್ತಿನ ಅಂಕಿಯನ್ನು ಯಾರೋ ಒಬ್ಬರು ವಹಿವಾಟಿನ ರೂಪದಲ್ಲಿ ತಂದು ಚೈನ್ ಮೇಲೆ ಬರೆಯಬೇಕು. ಹೀಗೆ ತಂದು ಬರೆಯುವ ಏರ್ಪಾಡಿಗೆ ಒರಾಕಲ್ ಎನ್ನುತ್ತಾರೆ. ಅದೇ ಹೆಸರಿನ ಸಾಫ್ಟ್‌ವೇರ್ ಕಂಪನಿಗೂ ಇದಕ್ಕೂ ಸಂಬಂಧವಿಲ್ಲ.

ಹುಟ್ಟಿದ ಜಾಗದವರೆಗೂ ಹೋಗಿ

ಒರಾಕಲ್‌ನ ಹೆಸರು ಕೇಳಿ ತೃಪ್ತರಾಗುವುದು ಬಹಳ ಜನ ಮಾಡುವ ತಪ್ಪು. ‘ನಾವು ಚೈನ್‌ಲಿಂಕ್ ಬಳಸುತ್ತೇವೆ’, ‘ನಾವು ಪಿತ್ ಬಳಸುತ್ತೇವೆ’ ಎಂಬ ಉತ್ತರದಿಂದ ವಿಚಾರಣೆ ಶುರುವಾಗಬೇಕು. ಒಂದು ಬೆಲೆ ನಿಮ್ಮ ಕಾಂಟ್ರಾಕ್ಟ್ ತಲುಪುವ ಮುನ್ನ ಕೆಲವು ಕೈಗಳನ್ನು ದಾಟಿ ಬಂದಿರುತ್ತದೆ. ಎಲ್ಲೋ ಒಂದು ವಿನಿಮಯ ಕೇಂದ್ರದಲ್ಲಿ ಕೊಡುಕೊಳ್ಳುವಿಕೆ ನಡೆದು ಅದು ಹುಟ್ಟುತ್ತದೆ. ಅನೇಕ ಕೇಂದ್ರಗಳ ಬೆಲೆ ಕೂಡಿಸಿ ಮಾರುವ ದತ್ತಾಂಶ ಕಂಪನಿ ಅದನ್ನು ಸಂಗ್ರಹಿಸುತ್ತದೆ. ಒರಾಕಲ್ ನೋಡ್‌ಗಳು, ಅಂದರೆ ಒರಾಕಲ್ ನಡೆಸುವ ಕಂಪ್ಯೂಟರ್‌ಗಳು, ಆ ಕಂಪನಿಯಿಂದ ತಂದು ಚೈನ್ ಮೇಲೆ ಇಡುತ್ತವೆ. ಅಲ್ಲೊಂದು ಕಾಂಟ್ರಾಕ್ಟ್ ಎಲ್ಲ ನೋಡ್‌ಗಳ ಉತ್ತರಗಳ ಮಧ್ಯಾಂಕ ತೆಗೆಯುತ್ತದೆ. ಕೊನೆಗೆ ನಿಮ್ಮ ಕೋಡ್ ಅದನ್ನು ಓದುತ್ತದೆ. ಈ ದಾರಿಯನ್ನು ಕಾಗದದ ಮೇಲೆ ಬರೆದುಕೊಂಡು ಪ್ರತಿ ನಿಲ್ದಾಣದಲ್ಲೂ ಕೇಳಿ: ಇಲ್ಲಿ ಸುಳ್ಳು ಹೇಳಬಲ್ಲವರು ಯಾರು? ಇದು ನಿಂತುಹೋದರೆ ಏನಾಗುತ್ತದೆ?

ಹಾಗೆ ಬರೆದಾಗ ಆಗಾಗ ಒಂದು ಸತ್ಯ ಹೊರಬೀಳುತ್ತದೆ. ನೋಡ್‌ಗಳು ಇಪ್ಪತ್ತಿರಬಹುದು, ಆದರೆ ಇಪ್ಪತ್ತೂ ಒಂದೇ ಕಡೆಯಿಂದ ಬೆಲೆ ತರುತ್ತಿದ್ದರೆ ನಿಮ್ಮ ಬಳಿ ಇರುವುದು ಒಂದೇ ಸಾಕ್ಷಿ. ಮಧ್ಯಾಂಕ ತೆಗೆಯುವುದು ಒಳ್ಳೆಯ ಪದ್ಧತಿ, ಏಕೆಂದರೆ ಒಬ್ಬಿಬ್ಬರು ಹುಚ್ಚು ಅಂಕಿ ಕೊಟ್ಟರೂ ನಡುವಿನ ಬೆಲೆ ಕದಲುವುದಿಲ್ಲ. ಆದರೆ ಎಲ್ಲರೂ ಒಂದೇ ತಪ್ಪನ್ನು ಹೊತ್ತು ತಂದಾಗ ಮಧ್ಯಾಂಕವೂ ಅದೇ ತಪ್ಪಾಗಿರುತ್ತದೆ.

2020ರ ನವೆಂಬರ್ 26ರಂದು ಕಾಂಪೌಂಡ್ ಸಾಲ ವ್ಯವಸ್ಥೆಯಲ್ಲಿ ಆದದ್ದನ್ನು ನೋಡಿ. ಡೈ ಎಂಬ ಸ್ಟೇಬಲ್‌ಕಾಯಿನ್ ಒಂದು ಡಾಲರ್‌ನ ಆಸುಪಾಸಿನಲ್ಲಿ ಇರಬೇಕಾದದ್ದು. ಕಾಂಪೌಂಡ್‌ಗೆ ಬೆಲೆ ಮುಖ್ಯವಾಗಿ ಕಾಯಿನ್‌ಬೇಸ್ ಪ್ರೋ ಕೇಂದ್ರದಿಂದ ಬರುತ್ತಿತ್ತು. ಅಲ್ಲಿ ಡೈ ಸ್ವಲ್ಪ ಹೊತ್ತು 1.30 ಡಾಲರ್‌ಗೆ ಜಿಗಿಯಿತು. ಡೈ ಸಾಲ ಪಡೆದವರ ಬಾಕಿ ಅಷ್ಟೇ ಪಾಲು ಉಬ್ಬಿ, ಸುಮಾರು 8.9 ಕೋಟಿ ಡಾಲರ್ ಮೌಲ್ಯದ ಅಡಮಾನ ಮಾರಾಟವಾಗಿ ಹೋಯಿತು. ಆ ಬೆಲೆಯ ಮೇಲೆ ಡಿಜಿಟಲ್ ಸಹಿ ಇತ್ತು, ಸಹಿ ಅಸಲಿಯೇ ಆಗಿತ್ತು. ಸಹಿ ಹೇಳುವುದು ‘ಇದನ್ನು ಇಂಥವರೇ ಹೇಳಿದರು’ ಎಂದು ಮಾತ್ರ. ಅವರು ಹೇಳಿದ ಬೆಲೆ ಇಡೀ ಮಾರುಕಟ್ಟೆಯದೋ, ಒಂದು ಅಂಗಡಿಯದೋ ಎಂಬುದನ್ನು ಸಹಿ ಹೇಳುವುದಿಲ್ಲ. 2016ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ರೂಪಿಸಿದ ಟೌನ್ ಕ್ರೈಯರ್, ಆಮೇಲಿನ ಡೆಕೊ ಮೊದಲಾದ ತಂತ್ರಗಳು ‘ಈ ಮಾಹಿತಿ ಇಂಥ ವೆಬ್‌ಸೈಟ್‌ನಿಂದಲೇ ಬಂತು’ ಎಂದು ರುಜುವಾತು ಮಾಡುತ್ತವೆ. ಅವು ಬೆಲೆಬಾಳುವ ಕೆಲಸಗಳೇ. ಆ ವೆಬ್‌ಸೈಟ್ ನಂಬಿಕೆಗೆ ಅರ್ಹವೇ ಎಂಬ ತೀರ್ಮಾನ ಮಾತ್ರ ನಿಮ್ಮದಾಗಿಯೇ ಉಳಿಯುತ್ತದೆ.

ಚೈನ್‌ಲಿಂಕ್‌ನ ಪ್ರತಿ ಫೀಡ್‌ಗೂ, ಅಂದರೆ ಒಂದು ಜೋಡಿಯ ಬೆಲೆಯನ್ನು ಚೈನ್ ಮೇಲೆ ಕೊಡುತ್ತಿರುವ ಕಾಂಟ್ರಾಕ್ಟ್‌ಗೂ, ಒಂದು ಸಾರ್ವಜನಿಕ ಪುಟವಿದೆ. ಯಾವ ನೋಡ್‌ಗಳು ಉತ್ತರ ಕೊಡುತ್ತಿವೆ, ಕೊನೆಯ ಬಾರಿ ಯಾವಾಗ ಬೆಲೆ ಬದಲಾಯಿತು, ಫೀಡ್‌ಗೆ ಎಷ್ಟು ಅಪಾಯವಿದೆ ಎಂಬ ವರ್ಗೀಕರಣ, ಎಲ್ಲ ಅಲ್ಲಿ ಸಿಗುತ್ತದೆ. ಫೀಡ್‌ನ ವಿಳಾಸವನ್ನು ಅಧಿಕೃತ ದಾಖಲೆಯಿಂದಲೇ ತೆಗೆದುಕೊಳ್ಳಿ. ಚಾಟ್ ಗುಂಪಿನಲ್ಲಿ ಯಾರೋ ಹಾಕಿದ್ದನ್ನು ನಕಲು ಮಾಡಬೇಡಿ. ಆಮೇಲೆ ಇಥೀರಿಯಂನ ಕಾಂಟ್ರಾಕ್ಟ್‌ಗಳನ್ನು ತೋರಿಸುವ ಇಥರ್‌ಸ್ಕ್ಯಾನ್ ತಾಣದಲ್ಲಿ ಆ ವಿಳಾಸ ತೆರೆದು ‘ಡಿಸ್ಕ್ರಿಪ್ಷನ್’ ಎಂಬ ಫಂಕ್ಷನ್ ಒತ್ತಿ ನೋಡಿ. ಅದು ಯಾವ ಜೋಡಿಯ ಬೆಲೆ ಎಂದು ತಾನೇ ಹೇಳುತ್ತದೆ. ಒಂದು ನಿಮಿಷದ ಈ ಕೆಲಸದಿಂದ ತಪ್ಪು ಫೀಡ್ ಜೋಡಿಸುವ ಅನಾಹುತ ತಪ್ಪುತ್ತದೆ. ಆ ವಿಳಾಸದ ಹಿಂದಿನ ಕಾಂಟ್ರಾಕ್ಟನ್ನು ಬದಲಾಯಿಸುವ ಅಧಿಕಾರ ಯಾರಿಗಿದೆ, ಎಷ್ಟು ಜನರ ಸಹಿ ಬೇಕು, ಬದಲಾವಣೆಗೆ ಮುಂಚಿತ ಸೂಚನೆ ಇರುತ್ತದೆಯೇ ಎಂಬುದನ್ನೂ ಬರೆದಿಟ್ಟುಕೊಳ್ಳಿ.

ಸುಳ್ಳಿಗೆ ಎಷ್ಟು ಖರ್ಚು?

ಅಂಕಿ ಸುರಕ್ಷಿತವೇ ಎಂದು ಅಳೆಯಲು ನನಗೆ ಅತ್ಯಂತ ಉಪಯುಕ್ತವಾಗಿ ಕಂಡಿರುವ ಲೆಕ್ಕ ಇದು. ಈ ಬೆಲೆಯನ್ನು ಅಲುಗಾಡಿಸಲು ಎಷ್ಟು ಖರ್ಚಾಗುತ್ತದೆ? ಅಲುಗಾಡಿಸಿದವನಿಗೆ ನಿಮ್ಮ ಕಾಂಟ್ರಾಕ್ಟ್‌ನಿಂದ ಎಷ್ಟು ಸಿಗುತ್ತದೆ? ಎರಡನೆಯದು ಮೊದಲನೆಯದಕ್ಕಿಂತ ದೊಡ್ಡದಾದರೆ ಇವತ್ತಲ್ಲ ನಾಳೆ ಯಾರಾದರೂ ಅದನ್ನು ಮಾಡೇ ಮಾಡುತ್ತಾರೆ.

ಯೂನಿಸ್ವಾಪ್‌ನಂಥ ಚೈನ್ ಮೇಲಿನ ವಿನಿಮಯ ಕೊಳದಲ್ಲಿ (ಕೊಡುಕೊಳ್ಳಲು ಟೋಕನ್‌ಗಳನ್ನು ಕೂಡಿಟ್ಟಿರುವ ನಿಧಿಯಲ್ಲಿ) ಈ ಕ್ಷಣಕ್ಕೆ ಇರುವ ದರವನ್ನು ನೇರವಾಗಿ ಓದುವುದು ಎಲ್ಲಕ್ಕಿಂತ ಅಪಾಯದ ದಾರಿ. ಫ್ಲಾಶ್ ಲೋನ್ ಎಂಬ ಸೌಲಭ್ಯವಿದೆ: ಅಡಮಾನವಿಲ್ಲದೆ ಕೋಟಿಗಟ್ಟಲೆ ಹಣ ಪಡೆದು ಅದೇ ವಹಿವಾಟಿನೊಳಗೆ ಹಿಂದಿರುಗಿಸಬೇಕು. ಆ ಹಣದಿಂದ ಕೊಳದ ದರವನ್ನು ಒಂದು ಕ್ಷಣ ತಿರುಚಿ, ತಿರುಚಿದ ದರದಲ್ಲಿ ಸಾಲ ಎತ್ತಿ, ಫ್ಲಾಶ್ ಲೋನ್ ತೀರಿಸಿ ಹೊರಡಬಹುದು. 2020ರ ಫೆಬ್ರವರಿಯಲ್ಲಿ ಬಿಝಡ್‌ಎಕ್ಸ್ ವ್ಯವಸ್ಥೆ ಇಂಥ ಹೊಡೆತ ತಿಂದ ಮೇಲೆ ಈ ಪಾಠ ಎಲ್ಲರಿಗೂ ಗೊತ್ತಾಯಿತು. ಆದರೂ ಹೊಸ ಪ್ರಾಜೆಕ್ಟ್‌ಗಳಲ್ಲಿ ಅದೇ ತಪ್ಪು ಮತ್ತೆಮತ್ತೆ ಕಾಣಿಸಿಕೊಳ್ಳುತ್ತದೆ. ಕೋಡ್‌ನಲ್ಲಿ ಕೊಳದ ಉಳಿಕೆಯನ್ನು ಭಾಗಿಸಿ ಬೆಲೆ ಕಂಡುಹಿಡಿಯುವ ಸಾಲು ಸಿಕ್ಕಿದರೆ ಅಲ್ಲೇ ನಿಲ್ಲಿ, ಮುಂದೆ ಓದುವ ಅಗತ್ಯವಿಲ್ಲ.

ಅದಕ್ಕೆ ಪರಿಹಾರವಾಗಿ ಬಂದದ್ದು ಕಾಲಸರಾಸರಿ ಬೆಲೆ. ಅರ್ಧ ಗಂಟೆಯ ಸರಾಸರಿ ತೆಗೆದರೆ ಒಂದು ಕ್ಷಣದ ತಿರುಚುವಿಕೆ ಅದರಲ್ಲಿ ಕರಗಿಹೋಗುತ್ತದೆ. ಆದರೆ ಕೊಳವೇ ಚಿಕ್ಕದಾಗಿದ್ದರೆ, ಸರಾಸರಿಯ ಅವಧಿಯೂ ಗಿಡ್ಡವಾಗಿದ್ದರೆ ಅದೂ ಸಾಲದು. 2022ರ ಏಪ್ರಿಲ್‌ನಲ್ಲಿ ಇನ್ವರ್ಸ್ ಫೈನಾನ್ಸ್ ಎಂಬ ಸಾಲ ವ್ಯವಸ್ಥೆ ಸುಮಾರು 1.5 ಕೋಟಿ ಡಾಲರ್ ಕಳೆದುಕೊಂಡದ್ದು ಕಾಲಸರಾಸರಿ ಬಳಸುತ್ತಿದ್ದಾಗಲೇ. ಆರು ತಿಂಗಳ ನಂತರ, 2022ರ ಅಕ್ಟೋಬರ್‌ನಲ್ಲಿ, ಸೊಲಾನಾ ಜಾಲದ ಮ್ಯಾಂಗೊ ಮಾರ್ಕೆಟ್ಸ್‌ನಿಂದ 11 ಕೋಟಿ ಡಾಲರ್‌ಗೂ ಹೆಚ್ಚು ಹೊರಹೋಯಿತು. ಅಲ್ಲಿ ಒರಾಕಲ್ ಸುಳ್ಳು ಹೇಳಲೇ ಇಲ್ಲ. ಮ್ಯಾಂಗೊದ ಎಂಎನ್‌ಜಿಒ ಟೋಕನ್‌ನ ವ್ಯಾಪಾರ ಬಹಳ ತೆಳುವಾಗಿತ್ತು. ದಾಳಿಕೋರ ಆ ಟೋಕನ್ ಮಾರಾಟವಾಗುವ ಕೇಂದ್ರಗಳಲ್ಲೇ ಕೊಂಡು ಕೊಂಡು ಬೆಲೆ ಏರಿಸಿದ, ಒರಾಕಲ್ ಏರಿದ ಬೆಲೆಯನ್ನು ಪ್ರಾಮಾಣಿಕವಾಗಿ ವರದಿ ಮಾಡಿತು, ಅದನ್ನು ತೋರಿಸಿ ಅವನು ಸಾಲ ಎತ್ತಿದ. ಆದ್ದರಿಂದ ತೆಳು ಮಾರುಕಟ್ಟೆಯ ಟೋಕನ್ ಅಡಮಾನವಾಗಿ ಬರುವಲ್ಲಿ ಎಷ್ಟು ಒಳ್ಳೆಯ ಒರಾಕಲ್ ತಂದರೂ ಸಾಲದು. ಆ ಟೋಕನ್ ಮೇಲೆ ಒಟ್ಟು ಎಷ್ಟು ಸಾಲ ಕೊಡಬಹುದೆಂಬ ಮಿತಿಯನ್ನು ಕಾಂಟ್ರಾಕ್ಟ್‌ನಲ್ಲೇ ಬರೆಯಬೇಕು. ದಿನಕ್ಕೆ ಎಷ್ಟು ವ್ಯಾಪಾರ ನಡೆಯುತ್ತದೆ, ಯಾವ ಕೇಂದ್ರಗಳಲ್ಲಿ ನಡೆಯುತ್ತದೆ ಎಂದು ನೋಡದೆ ಆ ಮಿತಿ ಹಾಕಲಾಗದು.

ಹಳಸಿದ ಬೆಲೆ, ತಪ್ಪು ಅಳತೆ

ಚೈನ್‌ಲಿಂಕ್ ಮಾದರಿಯ ಫೀಡ್‌ನಲ್ಲಿ ಬೆಲೆ ಪ್ರತಿ ಕ್ಷಣ ಬದಲಾಗುವುದಿಲ್ಲ. ಎರಡು ನಿಯಮಗಳಿವೆ. ಬೆಲೆ ನಿಗದಿತ ಶೇಕಡಾವಾರು ಮೀರಿ ಅಲುಗಿದರೆ ಹೊಸ ಅಂಕಿ ಬರೆಯುತ್ತಾರೆ. ಅಲುಗದಿದ್ದರೂ ನಿಗದಿತ ಗಡುವಿನೊಳಗೆ ಒಮ್ಮೆ ಬರೆಯುತ್ತಾರೆ. ಇಥೀರಿಯಂನ ಈಥರ್–ಡಾಲರ್ ಫೀಡ್‌ಗೆ ಇದು ಶೇ 0.5 ಮತ್ತು ಒಂದು ಗಂಟೆ. ಕೆಲವು ಸ್ಟೇಬಲ್‌ಕಾಯಿನ್ ಫೀಡ್‌ಗಳ ಗಡುವು 24 ಗಂಟೆ. ಬೆಲೆ ಓದುವಾಗ ಅದನ್ನು ಬರೆದ ಹೊತ್ತು ಕೂಡ ಜೊತೆಗೆ ಬರುತ್ತದೆ. ಈಗಿನ ಹೊತ್ತಿನಿಂದ ಅದನ್ನು ಕಳೆದು, ಗಡುವಿಗಿಂತ ಹಳೆಯದಾದರೆ ಒಪ್ಪಬೇಡಿ ಎಂದು ಕೋಡ್‌ನಲ್ಲಿ ಬರೆಯಿರಿ. ಎಲ್ಲ ಫೀಡ್‌ಗೂ ಒಂದೇ ಗಡುವು ಹಾಕುವುದು ಸಾಮಾನ್ಯ ತಪ್ಪು: ಒಂದು ಗಂಟೆ ಹಾಕಿದರೆ ಸ್ಟೇಬಲ್‌ಕಾಯಿನ್ ಫೀಡ್ ಸುಮ್ಮನೆ ತಿರಸ್ಕೃತವಾಗಿ ವ್ಯವಸ್ಥೆ ನಿಂತುಹೋಗುತ್ತದೆ, 24 ಗಂಟೆ ಹಾಕಿದರೆ ಈಥರ್‌ನ ನಿನ್ನೆಯ ಬೆಲೆಯನ್ನು ಇವತ್ತಿನದೆಂದು ನಂಬುತ್ತದೆ. ಕೇವಲ ಬೆಲೆ ಕೊಟ್ಟು ಹೊತ್ತು ಹೇಳದ ಹಳೆಯ ಫಂಕ್ಷನ್ ಒಂದಿದೆ, ಅದನ್ನು ಬಳಸಲೇಬೇಡಿ.

ಆರ್ಬಿಟ್ರಮ್, ಆಪ್ಟಿಮಿಸಂನಂಥ ಎರಡನೇ ಪದರದ ಜಾಲಗಳಲ್ಲಿ ಇನ್ನೊಂದು ತೊಡಕಿದೆ. ಅಲ್ಲಿ ವಹಿವಾಟುಗಳನ್ನು ಸಾಲಾಗಿ ಜೋಡಿಸುವ ಸೀಕ್ವೆನ್ಸರ್ ನಿಂತು ಮತ್ತೆ ಶುರುವಾದ ಕೂಡಲೇ ಹಳೆಯ ಬೆಲೆಯ ಮೇಲೆ ಜಪ್ತಿ ನಡೆಯಬಹುದು. ಸೀಕ್ವೆನ್ಸರ್ ನಡೆಯುತ್ತಿದೆಯೇ ಎಂದು ತಿಳಿಸುವ ಪ್ರತ್ಯೇಕ ಫೀಡ್ ಸಿಗುತ್ತದೆ. ಅದನ್ನು ಓದಿ, ಮತ್ತೆ ಶುರುವಾದ ಮೇಲೆ ಸಾಲಗಾರರಿಗೆ ಸ್ವಲ್ಪ ಕಾಲಾವಕಾಶ ಕೊಡಿ.

ದಶಮಾಂಶದ ಲೆಕ್ಕದಲ್ಲೂ ಎಚ್ಚರವಿರಲಿ. ಡಾಲರ್‌ನಲ್ಲಿ ಹೇಳುವ ಫೀಡ್‌ಗಳು ಸಾಮಾನ್ಯವಾಗಿ 8 ದಶಮಾಂಶ ಸ್ಥಾನ, ಈಥರ್‌ನಲ್ಲಿ ಹೇಳುವವು 18 ಸ್ಥಾನ ಬಳಸುತ್ತವೆ. ಊಹಿಸಬೇಡಿ, ಫೀಡನ್ನೇ ಕೇಳಿ.

ಫೀಡ್ ಅಳೆಯುವ ವಸ್ತುವೂ ನಿಮ್ಮ ಬಳಿ ಇರುವ ವಸ್ತುವೂ ಒಂದೇನಾ ಎಂದು ಕೂಡ ನೋಡಬೇಕು. ಸ್ಟೇಕ್ ಮಾಡಿದ ಈಥರ್‌ಗೆ ಈಥರ್‌ನ ಬೆಲೆಯನ್ನೇ ಕಟ್ಟುವುದು ಸುಲಭ. ಆದರೆ 2022ರ ಜೂನ್‌ನಲ್ಲಿ, ಸ್ಟೇಕ್ ಮಾಡಿದ ಈಥರ್ ಅನ್ನು ಪ್ರತಿನಿಧಿಸುವ ಲೈಡೊದ ಎಸ್‌ಟಿಇಟಿಎಚ್ ಟೋಕನ್ ಈಥರ್‌ಗಿಂತ ಸುಮಾರು ಶೇ 5 ಕಡಿಮೆ ಬೆಲೆಗೆ ಮಾರಾಟವಾಗುತ್ತಿತ್ತು. ಸ್ಟೇಬಲ್‌ಕಾಯಿನ್ ಎಂದರೆ ಸದಾ ಒಂದು ಡಾಲರ್ ಎಂದು ಕೋಡ್‌ನಲ್ಲಿ ಗಟ್ಟಿ ಮಾಡಿ ಬರೆದವರಿಗೆ 2023ರ ಮಾರ್ಚ್ 11 ಉತ್ತರ ಕೊಟ್ಟಿತು: ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕ್ ಮುಳುಗಿದ ಬೆನ್ನಿಗೇ ಯುಎಸ್‌ಡಿಸಿ ಎಂಬ ಸ್ಟೇಬಲ್‌ಕಾಯಿನ್ 88 ಸೆಂಟ್‌ನ ಸುತ್ತಮುತ್ತ ಬಿತ್ತು.

ಫೀಡ್‌ನೊಳಗೇ ಕನಿಷ್ಠ, ಗರಿಷ್ಠ ಮಿತಿ ಅಡಗಿರಬಹುದು. 2022ರ ಮೇ ತಿಂಗಳಲ್ಲಿ ಲೂನಾ ಟೋಕನ್ ಕುಸಿದಾಗ ಬಿಎನ್‌ಬಿ ಚೈನ್‌ನ ವೀನಸ್ ವ್ಯವಸ್ಥೆ ಓದುತ್ತಿದ್ದ ಫೀಡ್ 10.7 ಸೆಂಟ್‌ನ ಕನಿಷ್ಠ ಮಿತಿಯಲ್ಲಿ ನಿಂತುಬಿಟ್ಟಿತು. ಹೊರಗೆ ಲೂನಾ ಅದಕ್ಕಿಂತ ಎಷ್ಟೋ ಕೆಳಗೆ ಸಿಗುತ್ತಿತ್ತು. ಅಗ್ಗಕ್ಕೆ ಕೊಂಡು ತಂದು ಅಡಮಾನ ಇಟ್ಟು ದುಬಾರಿ ಬೆಲೆಯಲ್ಲಿ ಸಾಲ ಎತ್ತಿದರು. ವೀನಸ್‌ಗೆ ಸುಮಾರು 1.1 ಕೋಟಿ ಡಾಲರ್ ನಷ್ಟ. ಫೀಡ್‌ಗೆ ಇಂಥ ಮಿತಿ ಇದ್ದರೆ, ಬೆಲೆ ಮಿತಿಯ ಹತ್ತಿರ ಬಂದೊಡನೆ ಓದುವುದನ್ನು ನಿಲ್ಲಿಸುವ ಷರತ್ತು ನಿಮ್ಮ ಕಡೆಯಿಂದ ಇರಲಿ.

ಅನುಮಾನ ಬಂದಾಗ ಏನು ಮಾಡುತ್ತೀರಿ?

2019ರ ಜೂನ್‌ನಲ್ಲಿ ಸಿಂಥೆಟಿಕ್ಸ್ ಎಂಬ ವ್ಯವಸ್ಥೆಯ ಫೀಡ್‌ನಲ್ಲಿ ಕೊರಿಯಾದ ವೊನ್ ದರ ಸುಮಾರು 1000 ಪಟ್ಟು ಹೆಚ್ಚಾಗಿ ದಾಖಲಾಯಿತು. ತನ್ನಷ್ಟಕ್ಕೆ ವ್ಯಾಪಾರ ಮಾಡುತ್ತಿದ್ದ ಒಂದು ಬಾಟ್‌ನ ಖಾತೆಗೆ ಕ್ಷಣಾರ್ಧದಲ್ಲಿ 3.7 ಕೋಟಿ ಸಿಂಥೆಟಿಕ್ ಈಥರ್ ಬಂದು ಸೇರಿತು. ಬಾಟ್‌ನ ಒಡೆಯ ಮಾತುಕತೆಗೆ ಒಪ್ಪಿ ವಹಿವಾಟನ್ನು ಹಿಂದಿರುಗಿಸಿದ್ದರಿಂದ ವ್ಯವಸ್ಥೆ ಉಳಿಯಿತು. ಒಂದು ದೇಶದ ಹಣ ನಿಮಿಷಗಳಲ್ಲಿ ಸಾವಿರ ಪಟ್ಟು ಏರುವುದಿಲ್ಲ ಎಂಬುದು ಮನುಷ್ಯರಿಗೆ ಗೊತ್ತು. ಕಾಂಟ್ರಾಕ್ಟ್‌ಗೆ ನಾವು ಹೇಳಿಕೊಡದೆ ಗೊತ್ತಾಗುವುದಿಲ್ಲ.

ಹೇಳಿಕೊಡುವುದು ಹೇಗೆ ಎಂಬುದಕ್ಕೆ 2021ರಲ್ಲಿ ಬಂದ ಲಿಕ್ವಿಟಿ ಎಂಬ ಸಾಲ ವ್ಯವಸ್ಥೆ ನನಗೆ ಮೆಚ್ಚಿನ ಮಾದರಿ. ಅದರ ಮೊದಲ ಆವೃತ್ತಿಯನ್ನು ಯಾರೂ ತಿದ್ದುವಂತಿಲ್ಲ, ಹಾಗಾಗಿ ಎಲ್ಲವನ್ನೂ ಮೊದಲೇ ಯೋಚಿಸಬೇಕಾಯಿತು. ಅದು ಚೈನ್‌ಲಿಂಕ್ ಬೆಲೆಯನ್ನು ಓದುತ್ತದೆ. 4 ಗಂಟೆಗಿಂತ ಹೆಚ್ಚು ಹೊತ್ತು ಹೊಸ ಬೆಲೆ ಬಾರದಿದ್ದರೆ, ಅಥವಾ ಎರಡು ಸರದಿಗಳ ನಡುವೆ ಬೆಲೆ ಶೇ 50ಕ್ಕಿಂತ ಹೆಚ್ಚು ಜಿಗಿದರೆ, ಟೆಲ್ಲರ್‌ನತ್ತ ತಿರುಗಿ ತಾಳೆ ನೋಡುತ್ತದೆ. ಎರಡೂ ಕೈಕೊಟ್ಟರೆ ಕೊನೆಯ ಒಳ್ಳೆಯ ಬೆಲೆಯನ್ನು ಹಿಡಿದುಕೊಳ್ಳುತ್ತದೆ. ಬಾಂಕ್‌ಡಾವೋ ಮುಳುಗಿದ್ದೂ ಟೆಲ್ಲರ್ ನಂಬಿಯೇ ಎಂಬುದನ್ನು ಗಮನಿಸಿ. ಅದೇ ಒರಾಕಲ್ ಒಬ್ಬರ ಕೈಯಲ್ಲಿ ಏಕಮಾತ್ರ ಆಧಾರ, ಇನ್ನೊಬ್ಬರ ಕೈಯಲ್ಲಿ ಎರಡನೇ ಸಾಕ್ಷಿ.

ಮೇಕರ್‌ಡಾವೋ ಎಂಬ ಇನ್ನೊಂದು ಸಾಲ ವ್ಯವಸ್ಥೆ ಬೇರೆ ದಾರಿ ಹಿಡಿಯಿತು. ಬಂದ ಬೆಲೆಯನ್ನು ಒಂದು ಗಂಟೆ ಕಾಯಿಸಿ ಆಮೇಲೆ ಜಾರಿಗೆ ತರುತ್ತದೆ, ಅಷ್ಟರಲ್ಲಿ ತಪ್ಪಿದ್ದರೆ ತಡೆಯಬಹುದು. ಇದಕ್ಕೂ ಬೆಲೆ ತೆರಬೇಕು: ಮಾರುಕಟ್ಟೆ ಧುಮುಕುವಾಗ ನಿಮ್ಮ ಕಾಂಟ್ರಾಕ್ಟ್ ಒಂದು ಗಂಟೆ ಹಿಂದೆಯೇ ಇರುತ್ತದೆ. 2020ರ ಮಾರ್ಚ್ 12ರಂದು ಈಥರ್ ಒಂದೇ ದಿನದಲ್ಲಿ ಶೇ 40ಕ್ಕಿಂತ ಹೆಚ್ಚು ಕುಸಿದಾಗ ಜಾಲ ಕಿಕ್ಕಿರಿದು ಬೆಲೆಯ ವಹಿವಾಟು, ಜಪ್ತಿಯಾದ ಅಡಮಾನದ ಹರಾಜಿನ ಬಿಡ್ ಎಲ್ಲವೂ ತಡವಾದವು. ಮೇಕರ್‌ಡಾವೋದ ಹರಾಜುಗಳಲ್ಲಿ ಸುಮಾರು 83 ಲಕ್ಷ ಡಾಲರ್‌ನ ಈಥರ್ ಸೊನ್ನೆ ಬಿಡ್‌ಗೆ ಹೋಯಿತು. ಜಾಲದ ಶುಲ್ಕ ಹತ್ತು ಪಟ್ಟಾದ ದಿನವೂ ನಿಮ್ಮ ಫೀಡ್ ಬರೆಯಲ್ಪಡುತ್ತದೆಯೇ ಎಂಬ ಪ್ರಶ್ನೆಯನ್ನು ಶಾಂತವಾದ ದಿನವೇ ಕೇಳಿಕೊಳ್ಳಬೇಕು.

ಬೆಲೆ ಅನುಮಾನಾಸ್ಪದವಾದಾಗ ಎಲ್ಲವನ್ನೂ ನಿಲ್ಲಿಸುವುದು ಸರಿಯಲ್ಲ. ಹೊಸ ಸಾಲ ಮತ್ತು ಜಪ್ತಿ ನಿಲ್ಲಲಿ. ಸಾಲ ತೀರಿಸುವುದು, ಅಡಮಾನ ಹೆಚ್ಚಿಸುವುದು ನಡೆಯುತ್ತಲೇ ಇರಲಿ. ಬಿಡುಗಡೆಗೆ ಮುನ್ನ ಫೌಂಡ್ರಿ ಅಥವಾ ಹಾರ್ಡ್‌ಹ್ಯಾಟ್ ಎಂಬ ಪರೀಕ್ಷಾ ಸಾಧನದಲ್ಲಿ ಅಸಲಿ ಜಾಲದ ಪ್ರತಿ ತೆಗೆದು, ನಕಲಿ ಫೀಡ್ ಜೋಡಿಸಿ, ಸೊನ್ನೆ ಬೆಲೆ, ಋಣ ಬೆಲೆ, ಎರಡು ದಿನದ ಹಿಂದಿನ ಬೆಲೆ, ಸಾವಿರ ಪಟ್ಟು ಬೆಲೆ, ಉತ್ತರವನ್ನೇ ಕೊಡದ ಫೀಡ್, ಇಷ್ಟನ್ನಾದರೂ ಹಾಕಿ ನೋಡಿ. ಬಿಡುಗಡೆಯಾದ ಮೇಲೆ ನಿಮ್ಮ ಫೀಡ್‌ಗೂ ಸ್ವತಂತ್ರವಾದ ಇನ್ನೊಂದು ಮೂಲಕ್ಕೂ ಅಂತರ ಹೆಚ್ಚಾದಾಗ ಎಚ್ಚರಿಸುವ ಕಾವಲು ಹಗಲೂ ರಾತ್ರಿ ಇರಲಿ.

ಬೆಲೆಯಲ್ಲದ ಅಂಕಿಗಳು

ಬೆಲೆಗೆ ನೂರು ಮಾರುಕಟ್ಟೆಗಳ ಸಾಕ್ಷಿ ಸಿಗುತ್ತದೆ. ವಿಮಾನ ತಡವಾಯಿತೇ, ಮಳೆ ಬಂತೇ, ಒಪ್ಪಂದ ಆಯಿತೇ ಎಂಬ ಪ್ರಶ್ನೆಗಳಿಗೆ ಸಾಕ್ಷಿಗಳು ಕಡಿಮೆ, ವ್ಯಾಖ್ಯಾನಗಳು ಹೆಚ್ಚು. ಫ್ರಾನ್ಸಿನ ಆಕ್ಸಾ ವಿಮಾ ಕಂಪನಿ 2017ರಲ್ಲಿ ಫಿಝಿ ಎಂಬ ಹೆಸರಿನಲ್ಲಿ ವಿಮಾನ ವಿಳಂಬದ ವಿಮೆಯನ್ನು ಇಥೀರಿಯಂ ಮೇಲೆ ತಂದು, 2019ರಲ್ಲಿ ನಿಲ್ಲಿಸಿತು. ಅಲ್ಲಿ ಪ್ರಶ್ನೆ ಸರಳ: ವಿಮಾನ ಎಷ್ಟು ಹೊತ್ತಿಗೆ ಇಳಿಯಿತು? ಪಾಲಿಮಾರ್ಕೆಟ್‌ನಂಥ ಪಣದ ಮಾರುಕಟ್ಟೆಯಲ್ಲಿ ಪ್ರಶ್ನೆ ಅಷ್ಟು ಸರಳವಲ್ಲ. ಅದು ಯುಎಂಎ ಎಂಬ ಒರಾಕಲ್ ಬಳಸುತ್ತದೆ: ಒಬ್ಬರು ಠೇವಣಿ ಇಟ್ಟು ಉತ್ತರ ಹೇಳುತ್ತಾರೆ, ಆಕ್ಷೇಪ ಬಂದರೆ ಟೋಕನ್ ಇರುವವರು ಮತ ಹಾಕುತ್ತಾರೆ. 2025ರ ಮಾರ್ಚ್‌ನಲ್ಲಿ ಉಕ್ರೇನ್–ಅಮೆರಿಕ ಖನಿಜ ಒಪ್ಪಂದದ ಪ್ರಶ್ನೆಗೆ, ಒಪ್ಪಂದ ಆಗಿರದಿದ್ದರೂ, ‘ಹೌದು’ ಎಂಬ ತೀರ್ಮಾನ ಬಂತು. ದೊಡ್ಡ ಪಾಲು ಟೋಕನ್ ಇದ್ದವರ ಮತದ ತೂಕ ಕೆಲಸ ಮಾಡಿತೆಂಬ ದೂರು ಎದ್ದಿತು. ಪಾಲಿಮಾರ್ಕೆಟ್ ಹಣ ಹಿಂದಿರುಗಿಸಲಿಲ್ಲ. ಇಂಥ ಒರಾಕಲ್ ನೆಚ್ಚುವ ಮೊದಲು ಮತದ ಟೋಕನ್‌ಗಳು ಎಷ್ಟು ಜನರ ಕೈಯಲ್ಲಿವೆ, ಪ್ರಶ್ನೆಯ ಮಾತುಗಳಲ್ಲಿ ಎರಡರ್ಥಕ್ಕೆ ಜಾಗವಿದೆಯೇ ಎಂದು ಓದಬೇಕು.

ಮಳೆಯ ಅಂಕಿ ನಮ್ಮವರಿಗೆ ಹೊಸದಲ್ಲ. ‘ಮರುವಿನ್ಯಾಸಗೊಳಿಸಿದ ಹವಾಮಾನ ಆಧಾರಿತ ಬೆಳೆ ವಿಮೆ’ ಎಂಬ ಸರ್ಕಾರಿ ಯೋಜನೆಯಲ್ಲಿ ಬ್ಲಾಕ್‌ಚೈನ್ ಇಲ್ಲ, ಆದರೆ ಸಮಸ್ಯೆ ಇದೇ. ಮಲೆನಾಡಿನ ಅಡಿಕೆ, ಕಾಳುಮೆಣಸು ಬೆಳೆಗಾರರಿಗೆ ಪರಿಹಾರ ನಿರ್ಧಾರವಾಗುವುದು ಅವರ ತೋಟದಲ್ಲಿ ಬಿದ್ದ ಮಳೆಯಿಂದಲ್ಲ, ಅವರ ಪ್ರದೇಶಕ್ಕೆ ನಿಗದಿಯಾದ ಮಳೆಮಾಪಕದಲ್ಲಿ ದಾಖಲಾದ ಮಳೆಯಿಂದ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳ ಜಾಲವನ್ನೇ ನಡೆಸುತ್ತದೆ. ಆದರೂ ಘಟ್ಟದ ಒಂದು ಇಳಿಜಾರಿನಲ್ಲಿ ಸುರಿದ ಮಳೆ ಆಚೆ ಇಳಿಜಾರಿನಲ್ಲಿ ಸುರಿದಿರುವುದಿಲ್ಲ. ಮಾಪಕದ ಮೇಲೆ ಮರದ ಕೊಂಬೆ ಬಾಗಿದ್ದರೆ, ಕೊಳವೆಯಲ್ಲಿ ಕಸ ಕಟ್ಟಿದ್ದರೆ, ಬ್ಯಾಟರಿ ಸತ್ತಿದ್ದರೆ ಅಂಕಿ ತಪ್ಪುತ್ತದೆ. ಆ ತಪ್ಪು ಅಂಕಿಯನ್ನು ಹತ್ತು ನೋಡ್‌ಗಳು ಒಮ್ಮತದಿಂದ ಚೈನ್ ಮೇಲೆ ಬರೆದರೂ ಅದು ತಪ್ಪೇ. ಕಾಗದದ ವ್ಯವಸ್ಥೆಯಲ್ಲಿ ರೈತ ಅರ್ಜಿ ಹಿಡಿದು ಕಚೇರಿಗೆ ಹೋಗಬಹುದು. ತನ್ನಷ್ಟಕ್ಕೆ ಜಾರಿಯಾಗುವ ಕಾಂಟ್ರಾಕ್ಟ್‌ನಲ್ಲಿ, ಅರ್ಜಿಗೆ ಜಾಗವನ್ನು ಮೊದಲೇ ಬರೆದಿರದಿದ್ದರೆ, ಅದು ಇರುವುದೇ ಇಲ್ಲ.

ನಿಮ್ಮ ಸಹಕಾರ ಸಂಘಕ್ಕೋ ರೈತ ಉತ್ಪಾದಕ ಕಂಪನಿಗೋ ಬ್ಲಾಕ್‌ಚೈನ್ ಮಳೆ ವಿಮೆಯ ಪ್ರಸ್ತಾಪ ಬಂದರೆ ಕೋಡ್ ತೋರಿಸಿ ಎನ್ನುವ ಮುಂಚೆ ಕೆಲವು ಸಂಗತಿಗಳನ್ನು ಕನ್ನಡದಲ್ಲಿ, ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಯಾವ ಮಾಪಕ, ಅದು ಎಲ್ಲಿದೆ, ಕೊನೆಯ ಬಾರಿ ಅದನ್ನು ಪರೀಕ್ಷಿಸಿದ್ದು ಯಾವಾಗ. ಅದು ಕೆಟ್ಟ ದಿನಗಳಿಗೆ ಯಾವ ಅಂಕಿಯನ್ನು, ಎಲ್ಲಿಂದ ತರುತ್ತಾರೆ. ಅಂಕಿ ಬಂದ ಮೇಲೆ ಹಣದ ತೀರ್ಮಾನ ಆಗುವ ಮುನ್ನ ಆಕ್ಷೇಪ ಸಲ್ಲಿಸಲು ಎಷ್ಟು ದಿನ ಇದೆ, ಮೊಬೈಲ್ ಬಳಸದ ಬೆಳೆಗಾರ ಅದನ್ನು ಹೇಗೆ ಸಲ್ಲಿಸಬೇಕು. ಆ ಆಕ್ಷೇಪವನ್ನು ಯಾರು ಕೇಳುತ್ತಾರೆ, ವಿಮೆ ಮಾರಿದ ಕಂಪನಿಯವರೇ ಆಗಿದ್ದರೆ ಅವರ ಮೇಲೆ ಯಾರಿದ್ದಾರೆ. ಈ ಉತ್ತರಗಳು ಸಹಿಯೊಂದಿಗೆ ಕೈಗೆ ಬರುವವರೆಗೆ ಪ್ರೀಮಿಯಂ ಕಟ್ಟಬೇಡಿ.